ಮಳೆ ಫೋಲ್ಡರ್

ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಕಾಫಿ ವ್ಯಾಪಾರಿಯೊಬ್ಬರು ವರ್ಷವರ್ಷವೂ ಕೊಡುವ, ದಿನಕ್ಕೊಂದು ದೊಡ್ಡ ಚೌಕವಿರುವ ಕ್ಯಾಲೆಂಡರ್. ಜುಲೈ 16ರಿಂದ ಹಿಡಿದು ಪ್ರತಿ ಚೌಕದಲ್ಲೂ ಅಪ್ಪನ ನೀಲಿ ಪೆನ್ನಿನ ಬರಹ. 4-35. 2-80. 6-10. ಹೊರಗಿನವರಿಗೆ ಇದು ಹಾಲಿನ ಲೆಕ್ಕದಂತೆ ಕಾಣಬಹುದು. ಕೊಡಗಿನವರಿಗೆ ಹೇಳಬೇಕಾಗಿಲ್ಲ. ನಾಲ್ಕು ಇಂಚು ಮೂವತ್ತೈದು ಸೆಂಟ್ ಮಳೆ.

"ಇಲ್ಯಾಕೆ ಬರ್ದಿದ್ದೀರಪ್ಪ? ಕಂಪ್ಯೂಟರಲ್ಲಿ ಹಾಕ್ತಿದ್ರಲ್ಲ?"

"ಆ ಫೋಲ್ಡರ್ ಓಪನ್ ಆಗ್ತಿಲ್ಲ ಮಗಾ. ಹೊಸ ಲ್ಯಾಪ್‌ಟಾಪ್ ಬಂದ್ಮೇಲೆ ಹಂಗೇ. ನೀನು ಬಂದಾಗ ನೋಡ್ಕೊಂಡ್ರಾಯ್ತು ಅಂತ ಬಿಟ್ಟೆ."

ನಾನು ಚೌಕಗಳನ್ನು ಎಣಿಸಿದೆ. 41 ದಿನ. ಆ 41 ದಿನವೂ ಸಂಜೆ ಏಳಕ್ಕೆ ಮೈಸೂರಿನಿಂದ ನಾನು ಫೋನ್ ಮಾಡಿದ್ದೇನೆ. ಇವತ್ತೆಷ್ಟು ಬಿತ್ತು ಎಂದು ಕೇಳಿದ್ದೇನೆ. ಅವರು ಹೇಳಿದ್ದಾರೆ, ನಾನು ಹೂಂಗುಟ್ಟಿದ್ದೇನೆ. ಹೇಳಿದ್ದು ಸೇರಬೇಕಾದ ಕಡೆ ಸೇರುತ್ತಿದೆಯೇ ಎಂದು ಒಂದು ದಿನವೂ ತೆಗೆದು ನೋಡಲಿಲ್ಲ. ಮಗಳಿಗೆ ತೊಂದರೆ ಕೊಡಬಾರದೆಂದು ಅಪ್ಪ ಸುಮ್ಮನಿದ್ದರು. ಎಲ್ಲ ಸರಿಯಿದೆ ಎಂದುಕೊಂಡು ನಾನೂ ಸುಮ್ಮನಿದ್ದೆ.

ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಕಡೆ. ಪುಷ್ಪಗಿರಿ ಬೆಟ್ಟ ಹತ್ತಿರ, ಹಾಗಾಗಿ ಮಳೆಯೂ ಹತ್ತಿರ. ತಾತನ ಕಾಲದಿಂದ ಅಂಗಳದ ಮೂಲೆಯಲ್ಲಿ ಮಳೆಮಾಪಕವಿದೆ. ಬೆಳಿಗ್ಗೆ ಎಂಟಕ್ಕೆ ಅದರ ನೀರನ್ನು ಗಾಜಿನ ಅಳತೆ ಪಾತ್ರೆಗೆ ಸುರಿದು, ಗೆರೆಯ ಮಟ್ಟಕ್ಕೆ ಕಣ್ಣು ತಂದು ಓದಿ, ರಿಜಿಸ್ಟರಿನಲ್ಲಿ ಬರೆದ ಮೇಲೆಯೇ ಕಾಫಿ. ಒಂದು ಇಂಚಿಗೆ ನೂರು ಸೆಂಟ್. ಟಿವಿಯಲ್ಲಿ ಮಿಲಿಮೀಟರ್ ಎಂದರೆ ಅಪ್ಪ ಮನಸ್ಸಿನಲ್ಲೇ 25.4ರಿಂದ ಭಾಗಿಸಿಕೊಳ್ಳುತ್ತಾರೆ. ಈ ಲೆಕ್ಕ ಹವ್ಯಾಸಕ್ಕಲ್ಲ. ಕಾಫಿ ಹೂವರಳಿಸುವ ಹೂಮಳೆ ಯಾವ ದಿನ ಎಷ್ಟು ಬಿತ್ತು, ಅದಾದ ಮೇಲೆ ಬೀಳಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು ಎಂಬುದರ ಮೇಲೆ ರೊಬಸ್ಟಾ ಕಾಫಿ ಕಾಯಿ ಕಟ್ಟುವುದು ನಿಂತಿದೆ. ಗೊಬ್ಬರ ಯಾವಾಗ ಕೊಡಬೇಕು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕು ಎಂಬುದೂ ಅಷ್ಟೆ.

2018ರ ಆಗಸ್ಟಿನಲ್ಲಿ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಕಡೆಯ ಬೆಟ್ಟಗಳು ಜಾರಿದವು. ನಮ್ಮ ಮನೆಗೆ ಏನೂ ಆಗಲಿಲ್ಲ. ಆದರೂ ಹಿಂದಿನ ಗುಡ್ಡದಲ್ಲಿ ಸಣ್ಣ ಬಿರುಕು ಕಂಡಿತೆಂದು ನಾಲ್ಕು ದಿನ ನೆಂಟರ ಮನೆಯಲ್ಲಿದ್ದೆವು. ಹೊರಡುವಾಗ ಅಮ್ಮ ಆರ್‌ಟಿಸಿ, ಪಟ್ಟೆ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡರು. ಮಳೆ ರಿಜಿಸ್ಟರುಗಳು ಕಪಾಟಿನಲ್ಲೇ ಉಳಿದವು. ವಾಪಸು ಬಂದಾಗ ಮೂರು ರಿಜಿಸ್ಟರುಗಳಿಗೆ ಹೆಂಚಿನ ಸೋರಿಕೆ ತಾಗಿತ್ತು. ತಾತನ ಅಕ್ಷರ ಶಾಯಿಯ ಮೋಡವಾಗಿತ್ತು. ಮಳೆಯನ್ನು ಬರೆದಿಟ್ಟ ಪುಸ್ತಕವನ್ನು ಮಳೆಯೇ ಅಳಿಸಿತ್ತು. ಅಪ್ಪ ಆ ಪುಟಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಂದೊಂದಾಗಿ ಒಣಗಿಸಿದ್ದು ನನಗೆ ಮರೆಯುವುದಿಲ್ಲ.

ಮರುವರ್ಷ ನಾನು ಒಂದು ಕಪ್ಪು ಡಬ್ಬಿ ತಂದೆ. ಅಂಗಡಿಯವರು ಅದನ್ನು ನಾಸ್ ಎನ್ನುತ್ತಾರೆ. ಪರದೆಯಿಲ್ಲದ, ಕೀಬೋರ್ಡಿಲ್ಲದ ಒಂದು ಪುಟ್ಟ ಕಂಪ್ಯೂಟರ್, ಒಳಗೆ ಎರಡು ಹಾರ್ಡ್ ಡಿಸ್ಕ್. ರೌಟರಿಗೆ ವೈರ್ ಸಿಕ್ಕಿಸಿದರೆ ಮನೆಯಲ್ಲಿರುವ ಯಾವ ಲ್ಯಾಪ್‌ಟಾಪ್, ಫೋನಿನಿಂದಲಾದರೂ ಅದರಲ್ಲಿರುವ ಫೋಲ್ಡರುಗಳನ್ನು ತೆರೆಯಬಹುದು. ರಿಜಿಸ್ಟರುಗಳನ್ನೆಲ್ಲ ಸ್ಕ್ಯಾನ್ ಮಾಡಿ "ಮಳೆ" ಎಂಬ ಫೋಲ್ಡರಿಗೆ ಹಾಕಿದೆ. ದಿನದ ಲೆಕ್ಕಕ್ಕೆ ಒಂದು ಎಕ್ಸೆಲ್ ಹಾಳೆ ಮಾಡಿಕೊಟ್ಟೆ. ಜೊತೆಗೆ "ದಾಖಲೆ", "ಫೋಟೋ", "ಲೆಕ್ಕ" ಎಂದು ಇನ್ನೂ ಮೂರು. ಅಪ್ಪ ಒಂದೇ ವಾರದಲ್ಲಿ ಕಲಿತರು. ಡೆಸ್ಕ್‌ಟಾಪಿನ ಮೇಲೆ ಮಳೆ ಎಂಬ ಶಾರ್ಟ್‌ಕಟ್, ಎರಡು ಸಲ ಒತ್ತಿದರೆ ಹಾಳೆ. ಕೆಲಸ ಮುಗಿಯಿತೆಂದು ನಾನು ನಂಬಿದ್ದೆ. ಜೋಪಾನವಾಗಿ ಇಡುವುದು ಒಂದು ಕೆಲಸ, ಬೇಕಾದವರ ಕೈಗೆ ಎಟುಕುವಂತೆ ಇಡುವುದು ಬೇರೆಯೇ ಕೆಲಸ ಎಂದು ನನಗೆ ಹೊಳೆದಿರಲಿಲ್ಲ.

ಹಬ್ಬದ ಮರುದಿನ ಕೂತೆ. ನನ್ನ ತಮ್ಮ ಅಪ್ಪನ ಹಳೆಯ ಶಾರ್ಟ್‌ಕಟ್ ಅನ್ನು ಹೊಸ ಲ್ಯಾಪ್‌ಟಾಪಿಗೂ ಹಾಕಿಕೊಟ್ಟಿದ್ದ. ಒತ್ತಿದರೆ ಹಸಿರು ಪಟ್ಟಿ ನಿಧಾನವಾಗಿ ಓಡಿ, ಕೊನೆಗೆ ನೆಟ್‌ವರ್ಕ್ ದಾರಿ ಸಿಗಲಿಲ್ಲ ಎಂಬ ಸಂದೇಶ. ಡಬ್ಬಿಯ ದೀಪ ಮಾತ್ರ ಹಸಿರಾಗಿ ಉರಿಯುತ್ತಿತ್ತು. ಅಂದರೆ ಮನೆಯೊಳಗೆ ಜನರಿದ್ದಾರೆ, ಕರೆದರೆ ಓಗೊಡುತ್ತಿಲ್ಲ.

ಮೊದಲ ಕಾರಣ ಬೇಗ ಸಿಕ್ಕಿತು. ಮನೆಯ ನೆಟ್‌ವರ್ಕಿನಲ್ಲಿ ಪ್ರತಿ ಸಾಧನಕ್ಕೂ ರೌಟರ್ ಒಂದು ಅಂಕೆಯ ವಿಳಾಸ ಹಂಚುತ್ತದೆ. ಅದು ಬಾಡಿಗೆ ಮನೆ ಇದ್ದ ಹಾಗೆ, ಶಾಶ್ವತವಲ್ಲ. ಜುಲೈ ಮಧ್ಯದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಕರೆಂಟ್ ಬಂದ ಮೇಲೆ ಎಲ್ಲವೂ ಒಟ್ಟಿಗೆ ಎದ್ದು ರೌಟರಿನ ಮುಂದೆ ಕೈ ಚಾಚಿದವು. ಡಬ್ಬಿಗೆ ಮೊದಲಿದ್ದ 192.168.1.20 ಹೋಗಿ 192.168.1.7 ಸಿಕ್ಕಿತ್ತು. ಶಾರ್ಟ್‌ಕಟ್ ಇನ್ನೂ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿತ್ತು. ರೌಟರಿನ ಸೆಟ್ಟಿಂಗಿಗೆ ಹೋಗಿ, ಈ ಡಬ್ಬಿಗೆ ಯಾವತ್ತೂ ಇದೇ ವಿಳಾಸ ಎಂದು ಕಾಯ್ದಿರಿಸಿದೆ. 2019ರಲ್ಲೇ ಮಾಡಬೇಕಿದ್ದ ಐದು ನಿಮಿಷದ ಕೆಲಸ ಅದು. ಮಳೆಗಾಲದಲ್ಲಿ ಕರೆಂಟ್ ಹೋಗುವ ಊರಲ್ಲಿ ನಾಸ್ ಇಡುವವರು ಮೊದಲ ದಿನವೇ ಮಾಡಿ. ಒಂದು ಯುಪಿಎಸ್ ಕೂಡ ಬೇಕು. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲು ಕೆಡಬಹುದು.

ವಿಳಾಸ ಸರಿಯಾಯಿತು. ಫೈಲ್ ಎಕ್ಸ್‌ಪ್ಲೋರರಿನ ಮೇಲಿನ ಪಟ್ಟಿಯಲ್ಲಿ ಎರಡು ಹಿಂಗೆರೆ (\\) ಹಾಕಿ ಅಂಕೆ ಬರೆದು ಎಂಟರ್ ಒತ್ತಿದೆ. ಈ ಸಲ ಬೇರೆ ಮಾತು. ಗುರುತಿಲ್ಲದ ಅತಿಥಿಯಾಗಿ ಈ ಫೋಲ್ಡರಿಗೆ ಹೋಗಲು ಭದ್ರತೆಯ ನಿಯಮ ಬಿಡುವುದಿಲ್ಲ ಎಂಬರ್ಥದ ಸಂದೇಶ. ಇಲ್ಲಿ ತಪ್ಪು ಪೂರಾ ನನ್ನದು. ಅಪ್ಪನಿಗೆ ಪಾಸ್‌ವರ್ಡ್ ಕಷ್ಟ ಬೇಡವೆಂದು 2019ರಲ್ಲಿ ಎಲ್ಲ ಫೋಲ್ಡರುಗಳನ್ನೂ ಅತಿಥಿಗೆ ತೆರೆದಿಟ್ಟಿದ್ದೆ. ಯಾರು ಬೇಕಾದರೂ ಬರಬಹುದು, ಹೆಸರು ಕೇಳುವವರಿಲ್ಲ.

ಲ್ಯಾಪ್‌ಟಾಪಿಗೂ ಡಬ್ಬಿಗೂ ನಡುವೆ ಫೈಲು ಕೊಟ್ಟು ತೆಗೆದುಕೊಳ್ಳಲು ಒಂದು ಒಪ್ಪಿತ ಭಾಷೆಯಿದೆ, ಹೆಸರು ಎಸ್‌ಎಂಬಿ. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿ, ಮೈಕ್ರೋಸಾಫ್ಟ್ ಕೈಯಲ್ಲಿ ಬೆಳೆದದ್ದು. ಅದರ ಮೊದಲ ಆವೃತ್ತಿಯಲ್ಲಿದ್ದ ತೂತನ್ನೇ ಬಳಸಿಕೊಂಡು 2017ರ ಮೇ 12ರಂದು ವಾನಾಕ್ರೈ ಎಂಬ ಹಣ ಕೀಳುವ ವೈರಸ್ 150ಕ್ಕೂ ಹೆಚ್ಚು ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಕಂಪ್ಯೂಟರುಗಳಿಗೆ ಬೀಗ ಜಡಿಯಿತು. ತೂತು ಮುಚ್ಚುವ ತೇಪೆ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಲ್ಲಿಂದಾಚೆಗೆ ನಿಯಮ ಬಿಗಿಯಾಗುತ್ತ ಬಂದಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊದಲ್ಲಿ, ನಾವಾಗಿ ಬದಲಿಸದ ಹೊರತು, ಪ್ರತಿ ಮಾತಿಗೂ ಡಿಜಿಟಲ್ ಸಹಿ ಬೇಕು. ಆ ಸಹಿಯ ಕೀಲಿ ಹುಟ್ಟುವುದು ಪಾಸ್‌ವರ್ಡಿನಿಂದ. ಅತಿಥಿಗೆ ಪಾಸ್‌ವರ್ಡೇ ಇಲ್ಲ, ಹಾಗಾಗಿ ಸಹಿಯೂ ಇಲ್ಲ, ಪ್ರವೇಶವೂ ಇಲ್ಲ. ನಿಯಮ ಸಡಿಲಿಸುವ ಉಪಾಯಗಳು ಬೇಕಾದಷ್ಟು ಸಿಗುತ್ತವೆ. ನಾನು ಆ ದಾರಿ ಹಿಡಿಯಲಿಲ್ಲ. ತೋಟದ ಗೇಟಿಗೆ ಬೀಗ ಹಾಕಲು ಬರುವುದಿಲ್ಲವೆಂದು ಗೇಟನ್ನೇ ಕಿತ್ತಿಡುವುದು ಯಾವ ನ್ಯಾಯ?

ಈ ಭಾಷೆಯ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಒಂದು ಕತೆಯಿದೆ. ನಮ್ಮ ಡಬ್ಬಿಯೊಳಗಿರುವುದು ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಬೇರೆ ಕಾರ್ಯಾಚರಣೆ ವ್ಯವಸ್ಥೆ. ಅದಕ್ಕೆ ವಿಂಡೋಸಿನ ಮಾತು ಬರುವುದು ಸಾಂಬಾ ಎಂಬ ಉಚಿತ ತಂತ್ರಾಂಶದಿಂದ. 1991ರ ಕೊನೆಯಲ್ಲಿ ಕ್ಯಾನ್‌ಬೆರಾದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಆಂಡ್ರ್ಯೂ ಟ್ರಿಜೆಲ್ ಎಂಬ ವಿದ್ಯಾರ್ಥಿ ಅದಕ್ಕೆ ಕೈ ಹಾಕಿದ. ಎರಡು ಯಂತ್ರಗಳು ವೈರಿನ ಮೇಲೆ ಆಡುವ ಮಾತನ್ನು ಕೇಳಿಸಿಕೊಂಡು, ಈ ಪ್ರಶ್ನೆಗೆ ಈ ಉತ್ತರ ಎಂದು ಗುರುತು ಹಾಕಿಕೊಂಡು ಕಲಿತ. ಗೊತ್ತಿಲ್ಲದ ಊರಿನ ಹೋಟೆಲಿನಲ್ಲಿ ಕೂತು ಪಕ್ಕದವರ ಮಾತು ಕೇಳುತ್ತಲೇ ಭಾಷೆ ಕಲಿತಂತೆ ಎಂದು ಅವನೇ ಮುಂದೆ ವಿವರಿಸಿದ್ದಾನೆ. ಎಸ್, ಎಂ, ಬಿ ಅಕ್ಷರಗಳು ಇದೇ ಸರದಿಯಲ್ಲಿ ಬರುವ ಪದವನ್ನು ಇಂಗ್ಲಿಷ್ ಪದಪಟ್ಟಿಯಲ್ಲಿ ಹುಡುಕಿದಾಗ ಸಾಂಬಾ ಎಂಬ ಹೆಸರು ಸಿಕ್ಕಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ತೋಟದ ಹಳೆಯ ಮೇಸ್ತ್ರಿ. ಶನಿವಾರಸಂತೆಗೆ ಹೋದರೆ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲೆಯಾಳ, ತುಳು ಎಲ್ಲವೂ ಕಿವಿಗೆ ಬೀಳುತ್ತವೆ. ಶಾಲೆಯ ಮೆಟ್ಟಿಲು ಹತ್ತದ ಅವರು ಐದರಲ್ಲೂ ವ್ಯವಹಾರ ಮಾಡುತ್ತಿದ್ದರು. ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಅಸ್ಸಾಮಿನಿಂದ ಜನ ಬಂದ ಮೇಲೆ, ಆರೇ ತಿಂಗಳಲ್ಲಿ ಅವರ ಮಾತಿನಲ್ಲೂ ಹಣ್ಣಿನ ಲೆಕ್ಕ ಹೇಳುತ್ತಿದ್ದರು. ಯಾರೂ ಕೂರಿಸಿ ಕಲಿಸಿದ್ದಲ್ಲ, ಪಕ್ಕದಲ್ಲಿ ನಿಂತು ಕೇಳಿ ಕಲಿತದ್ದು. ನಮ್ಮ ಮನೆಯ ಕಪ್ಪು ಡಬ್ಬಿಯೊಳಗೂ ಹಾಗೆ ಕಲಿತ ಮಾತಿದೆ ಎನ್ನುವುದು ನನಗೆ ಸಂತೋಷ ಕೊಡುತ್ತದೆ.

ಆಮೇಲೆ ಹೆಸರುಗಳ ಕೆಲಸ. ಅಪ್ಪ, ಅಮ್ಮ, ತಮ್ಮ, ನಾನು, ದೊಡ್ಡಪ್ಪನ ಮಗ, ಹೀಗೆ ಒಬ್ಬೊಬ್ಬರಿಗೂ ಡಬ್ಬಿಯಲ್ಲಿ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಸ್‌ವರ್ಡ್. ಅಪ್ಪನಿಗೆ ಮೊದಲ ಗೊಂದಲವಾದದ್ದು ಇಲ್ಲಿ. ಲ್ಯಾಪ್‌ಟಾಪ್ ಗುರುತು ಕೇಳಿದಾಗ ಅವರು ಬೆಳಿಗ್ಗೆ ಅದನ್ನು ತೆರೆಯಲು ಒತ್ತುವ ನಾಲ್ಕಂಕಿಯ ಪಿನ್ ಹಾಕಿದರು.

"ಇದೇ ಅಲ್ವ ನನ್ನ ನಂಬರು?"

"ಅದು ಈ ಲ್ಯಾಪ್‌ಟಾಪಿನ ಬಾಗಿಲಿಗಪ್ಪ. ಇದು ಡಬ್ಬಿ ಬಾಗಿಲು. ಮನೆ ಬೀಗದ ಕೈ ಗೋಡೌನಿಗೆ ಆಗುತ್ತಾ?"

"ಹಂಗನ್ನು," ಎಂದರು. ಆಮೇಲೆ ಅವರಿಗೆ ಆ ಗೊಂದಲ ಬರಲಿಲ್ಲ. ಈ ಒಂದು ಮಾತನ್ನು ಹೇಳಿಕೊಡದೆ ಎಷ್ಟು ಮನೆಗಳಲ್ಲಿ ಎಷ್ಟು ಹಿರಿಯರು ತಮ್ಮ ನೆನಪೇ ಕೈಕೊಟ್ಟಿತು ಎಂದುಕೊಂಡು ಸುಮ್ಮನಾಗಿದ್ದಾರೋ.

ಹೆಸರು ಸರಿ, ಪಾಸ್‌ವರ್ಡ್ ಸರಿ. ಆದರೂ ಒಳಗೆ ಬಿಡಲಿಲ್ಲ. ಪರೀಕ್ಷೆಗೆಂದು ನಾನು ಅದೇ ಲ್ಯಾಪ್‌ಟಾಪಿನಿಂದ ಮೊದಲು ನನ್ನ ಹೆಸರಲ್ಲಿ ಒಳಗೆ ಹೋಗಿದ್ದೆ. ವಿಂಡೋಸ್ ಒಂದೇ ಡಬ್ಬಿಗೆ, ಒಂದೇ ಹೊತ್ತಿನಲ್ಲಿ ಎರಡು ಹೆಸರಿನಿಂದ ಮಾತಾಡಲು ಒಪ್ಪುವುದಿಲ್ಲ. ಸೈನ್ ಔಟ್ ಆಗಿ ಮತ್ತೆ ಬಂದು, ವಿಂಡೋಸ್ ಹೆಸರು, ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಕೂತಿದ್ದ ನನ್ನ ಹೆಸರು ಅಳಿಸಿ, ಅಪ್ಪನ ಹೆಸರು ಕೊಟ್ಟು ನೆನಪಿಡು ಎಂದು ಗುರುತು ಹಾಕಿದೆ. ಮಳೆ ಫೋಲ್ಡರ್ ತೆರೆಯಿತು. ಅಪ್ಪ ಏನೂ ಹೇಳದೆ ಅಡುಗೆಮನೆಗೆ ಹೋಗಿ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದುಕೊಂಡು ಬಂದರು.

ದೊಡ್ಡಪ್ಪನ ಮಗನ ಫೋನಿನಲ್ಲಿ ಮಾತ್ರ ಡಬ್ಬಿ ಕಾಣಲೇ ಇಲ್ಲ. ಅವನು ಹಬ್ಬಕ್ಕೆ ಬಂದವರಿಗೆಂದು ಇಟ್ಟಿದ್ದ ಅತಿಥಿ ವೈಫೈಗೆ ಸೇರಿಕೊಂಡಿದ್ದ. ಅದು ಇಂಟರ್‌ನೆಟ್ ಕೊಡುತ್ತದೆ, ಮನೆಯೊಳಗಿನ ಸಾಧನಗಳನ್ನು ತೋರಿಸುವುದಿಲ್ಲ. ವೈಫೈ ಬದಲಿಸಿದ್ದೇ ಸರಿಹೋಯಿತು.

ಯಾರು ಏನು ಮಾಡಬಹುದು ಎನ್ನುವುದರ ಮೇಲೆ ಅರ್ಧ ದಿನ ಚರ್ಚೆಯಾಯಿತು, ಅದೂ ಊಟದ ಎಲೆಯ ಮುಂದೆ. ಮಳೆ ಫೋಲ್ಡರಿನಲ್ಲಿ ಬರೆಯುವವರು ಅಪ್ಪ ಒಬ್ಬರೇ, ಮಿಕ್ಕವರು ಓದಬಹುದು. ಲೆಕ್ಕ ಅಪ್ಪ ಮತ್ತು ತಮ್ಮನಿಗೆ. ಫೋಟೋ ಎಲ್ಲರಿಗೂ, ಹಾಕಲಿಕ್ಕೂ ತೆಗೆಯಲಿಕ್ಕೂ. ದಾಖಲೆ ಎಂಬುದು ತಾತನ ಕಾಲದ ಕ್ರಯಪತ್ರ, ಸರ್ವೆ ನಕ್ಷೆ, ಭಾಗಪತ್ರಗಳ ಸ್ಕ್ಯಾನ್. ಅದರಲ್ಲಿ ದೊಡ್ಡಪ್ಪನ ಮನೆಯವರಿಗೂ ಸಮಪಾಲಿದೆ. ಅವರಿಗೆ ಓದುವ ಹಕ್ಕು ಕೊಡಲು ನಾನು ಇಷ್ಟು ವರ್ಷ ಯೋಚಿಸಲೇ ಇಲ್ಲವಲ್ಲ ಎಂದು ನಾಚಿಕೆಯಾಯಿತು. ತಾಂತ್ರಿಕವಾಗಿ ಒಂದು ಸೂಕ್ಷ್ಮವಿದೆ. ಹಂಚಿಕೆಯ ಅನುಮತಿ ಒಂದು ಕಡೆ, ಫೋಲ್ಡರಿನ ಅನುಮತಿ ಇನ್ನೊಂದು ಕಡೆ ಇರುತ್ತದೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಒಂದನ್ನು ತೆರೆದು ಇನ್ನೊಂದನ್ನು ಮರೆತರೆ ಫೋಲ್ಡರ್ ಕಾಣುತ್ತದೆ, ಒಳಗಿನದು ಸಿಗುವುದಿಲ್ಲ.

ದಾಖಲೆಯಲ್ಲಿ ಇನ್ನೊಂದು ಬಗೆಯ ಬೀಗ ಕಾದಿತ್ತು. ದೊಡ್ಡಪ್ಪ 2002ರ ಸುಮಾರಿಗೆ ಕಂಪ್ಯೂಟರಿನಲ್ಲಿ ಬರೆದಿಟ್ಟ ಪತ್ರಗಳು, ಸರ್ವೆ ಗಡಿಯ ವಿಷಯದ ಅರ್ಜಿಗಳು. ಫೈಲು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಕೆಟ್ಟುಹೋಗಿದೆ ಎಂದು ಅವರ ಮಗ ಅಳಿಸಲು ಹೊರಟಿದ್ದ. ಕೆಟ್ಟಿರಲಿಲ್ಲ. ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದ್ದರೂ ವಿಂಡೋಸಿನಲ್ಲಿ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಿಂದ. ಆ ಕಾಲದಲ್ಲಿ ಮನೆಮನೆಯಲ್ಲಿ ಕನ್ನಡ ಮೂಡಿಸಿದ್ದು ಶೇಷಾದ್ರಿವಾಸು ಅವರು 1998ರಲ್ಲಿ ತಂದ ಬರಹ, ಮತ್ತು ಕನ್ನಡ ಗಣಕ ಪರಿಷತ್ತಿನ ನುಡಿಯಂಥ ತಂತ್ರಾಂಶಗಳು. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಫಾಂಟು ಇಲ್ಲದಿದ್ದರೆ ಖಾಲಿ ಮನೆಯ ಹೆಸರಷ್ಟೇ ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದೆ. ಒತ್ತಕ್ಷರ ಅಲ್ಲಲ್ಲಿ ತಪ್ಪಿತು, ಕೈಯಿಂದ ತಿದ್ದಿದೆ. "ಶ್ರೀಯುತ ತಹಶೀಲ್ದಾರರವರಿಗೆ" ಎಂದು ಶುರುವಾಗುವ ಪತ್ರವನ್ನು ಅಪ್ಪ ಜೋರಾಗಿ ಓದಿದರು. "ಅಣ್ಣನದೇ ಮಾತು ಇದು, ಹೀಗೇ ಮಾತಾಡ್ತಿದ್ದ," ಎಂದರು. ದೊಡ್ಡಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಪಕ್ಕದಲ್ಲಿ ದೊಡ್ಡಮ್ಮ ಕೂತಿದ್ದರು. ಮೂಲ ಫೈಲುಗಳನ್ನೂ ಹಾಗೇ ಇಟ್ಟಿದ್ದೇನೆ. ತಿದ್ದುವಾಗ ನಾನು ಎಲ್ಲಿ ತಪ್ಪಿದ್ದೇನೆ ಎಂದು ಮುಂದೆ ಯಾರಾದರೂ ನೋಡಬೇಕಾಗಬಹುದು.

ಮೈಸೂರಿನಿಂದ ನನಗೂ ಕಾಣಬೇಕಲ್ಲ. ಇಲ್ಲಿ ಯಾರಿಗಾದರೂ ನಾನು ಕೈಮುಗಿದು ಹೇಳುವುದು ಒಂದೇ ಮಾತು. ರೌಟರಿನಲ್ಲಿ ಎಸ್‌ಎಂಬಿಯ 445ನೇ ಬಾಗಿಲನ್ನು (ಪೋರ್ಟ್) ಇಂಟರ್‌ನೆಟ್ಟಿಗೆ ತೆರೆಯಬೇಡಿ. ವಾನಾಕ್ರೈ ನುಗ್ಗಿದ್ದು ಅದೇ ಬಾಗಿಲಿನಿಂದ. ಇಷ್ಟಕ್ಕೂ ಬಹಳಷ್ಟು ಇಂಟರ್‌ನೆಟ್ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಹೊರವಿಳಾಸ ಇರುತ್ತದೆ, ತೆರೆದರೂ ಕೆಲಸ ಮಾಡುವುದಿಲ್ಲ. ನಾನು ಡಬ್ಬಿಯಲ್ಲೂ ನನ್ನ ಲ್ಯಾಪ್‌ಟಾಪಿನಲ್ಲೂ ಟೇಲ್‌ಸ್ಕೇಲ್ ಹಾಕಿದೆ. ಎರಡರ ನಡುವೆ ಬೀಗ ಹಾಕಿದ ಸುರಂಗ ಇದ್ದಂತೆ ಅದು, ಹೊರಗಿನವರಿಗೆ ಬಾಗಿಲೇ ಕಾಣುವುದಿಲ್ಲ.

ಪ್ರತಿಯ ವಿಷಯದಲ್ಲೂ ಎಚ್ಚರವಾಯಿತು. ಡಬ್ಬಿಯಲ್ಲಿ ಎರಡು ಡಿಸ್ಕ್ ಇದೆ, ಒಂದರಲ್ಲಿದ್ದದ್ದು ಇನ್ನೊಂದರಲ್ಲೂ ಇದೆ ಎಂದು ನಿಶ್ಚಿಂತೆಯಿಂದಿದ್ದೆ. ಆದರೆ ಒಂದರಲ್ಲಿ ಅಳಿಸಿದರೆ ಅದೇ ಕ್ಷಣ ಎರಡರಲ್ಲೂ ಅಳಿಯುತ್ತದೆ. ಡಿಸ್ಕ್ ಕೆಡುವುದರಿಂದ ಮಾತ್ರ ಅದು ಕಾಯುತ್ತದೆ, ಕೈತಪ್ಪಿನಿಂದ ಅಲ್ಲ, ಗುಡ್ಡ ಜಾರುವುದರಿಂದಂತೂ ಅಲ್ಲವೇ ಅಲ್ಲ. ಒಂದು ಬಿಡಿ ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ಇಳಿಸಿಕೊಂಡು ಮೈಸೂರಿಗೆ ತಂದಿದ್ದೇನೆ. ಆರು ತಿಂಗಳಿಗೊಮ್ಮೆ ಅದು ಊರಿಗೆ ಹೋಗಿ ಬರುತ್ತದೆ.

ಹೊರಡುವ ಹಿಂದಿನ ರಾತ್ರಿ ಎಲ್ಲರ ಹೆಸರು, ಪಾಸ್‌ವರ್ಡ್, ಡಬ್ಬಿಯ ವಿಳಾಸ, ರೌಟರಿನ ಕೀಲಿಪದ, ತೆರೆಯದಿದ್ದರೆ ಮೊದಲು ಏನು ನೋಡಬೇಕು ಎಂಬುದನ್ನೆಲ್ಲ ದುಂಡಾಗಿ ಕಾಗದದ ಮೇಲೆ ಬರೆದೆ. ಅಮ್ಮ ಅದನ್ನು ಲಕೋಟೆಗೆ ಹಾಕಿ, ಬೀರುವಿನಲ್ಲಿ ಆರ್‌ಟಿಸಿ ಇರುವ ಅದೇ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರು. ಪಾಸ್‌ವರ್ಡ್ ಬರೆದಿಡಬಾರದು ಎಂದು ತಮ್ಮ ಆಕ್ಷೇಪಿಸಿದ. ಕಳ್ಳ ಬೀರು ಒಡೆದು ಮಳೆ ಲೆಕ್ಕ ಹುಡುಕುತ್ತಾನೆ ಎನ್ನುವುದಕ್ಕಿಂತ, ನನ್ನೊಬ್ಬಳ ತಲೆಯಲ್ಲಿದ್ದದ್ದು ನನ್ನೊಂದಿಗೇ ಹೋಗಿಬಿಡುತ್ತದೆ ಎನ್ನುವ ಹೆದರಿಕೆಯೇ ನನಗೆ ದೊಡ್ಡದು.

ಅಪ್ಪ 41 ದಿನದ ಲೆಕ್ಕವನ್ನು ತಾವೇ ಕೂತು ಹಾಳೆಗೆ ಏರಿಸಿದರು. ನಾನು ಓದಿ ಹೇಳುತ್ತೇನೆ ಎಂದರೆ ಬೇಡವೆಂದರು. ಪುನರ್ವಸು ಮುಗಿದು ಪುಷ್ಯ, ಆಶ್ಲೇಷ, ಮಖ ಎಂದು ಮಳೆಯ ಹೆಸರು ಹೇಳಿಕೊಳ್ಳುತ್ತ, ಒಂದೊಂದು ಬೆರಳಲ್ಲಿ ಅಂಕೆ ಒತ್ತುತ್ತ ಮಧ್ಯಾಹ್ನವೆಲ್ಲ ಕಳೆದರು. ಎಕ್ಸೆಲಿನಲ್ಲಿ ಷರಾ ಎಂದು ಒಂದು ಕಾಲಂ ಇಟ್ಟಿದ್ದೆ, ಅವರು ಅದನ್ನು ಯಾವತ್ತೂ ತುಂಬುತ್ತಿರಲಿಲ್ಲ. ಕ್ಯಾಲೆಂಡರಿನ ಚೌಕದಲ್ಲಿ ಜಾಗ ಹೆಚ್ಚಿದ್ದರಿಂದಲೋ ಏನೋ, ಈ 41 ದಿನ ಸಂಖ್ಯೆಯ ಕೆಳಗೆ ಒಂದೆರಡು ಪದ ಬರೆದಿದ್ದರು. ಅದನ್ನೂ ಏರಿಸಿದರು. ಕರೆಂಟ್ ಇಲ್ಲ. ಸಿಲ್ವರ್ ಮರ ಬಿತ್ತು. ಗಂಗೆ ಕರು ಹಾಕಿತು. ಹೊಳೆ ರಸ್ತೆಗೆ.

ಈಗ ಮೈಸೂರಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನಾನು ಮೊದಲು ತೆರೆಯುವುದು ಆ ಫೋಲ್ಡರನ್ನು. ಅಷ್ಟು ಹೊತ್ತಿಗೆ ಹೊಸ ಸಾಲು ಬಂದಿರುತ್ತದೆ. ನಿನ್ನೆಯದು ಹೀಗಿತ್ತು: 0-00. ಬಿಸಿಲು. ಕಣಕ್ಕೆ ಸಗಣಿ ಸಾರಿಸಿದೆವು.